ಅಂಪೈರೇ ಬ್ಯಾಟು ಹಿಡಿದ ಆಟ

ಶುಕ್ರವಾರ ಸಂಜೆ ಏಳರ ಹೊತ್ತಿಗೆ ಮಣಿಕೊಂಡದ ರಸ್ತೆಗಳ ಅಂಚಿನಲ್ಲಿ ಜನ ಅಲ್ಲಲ್ಲಿ ಗುಂಪುಗಟ್ಟಿ ನಿಂತಿರುತ್ತಾರೆ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಪಕ್ಕದಲ್ಲಿ ಗಾಲಿಯ ಸೂಟ್‌ಕೇಸು, ಕಣ್ಣು ಮೊಬೈಲಿನ ಮೇಲೆ. ಬಸ್ಸು ಎಲ್ಲಿಗೆ ಬಂತು ಎಂದು ತೋರಿಸುವ ಚುಕ್ಕೆಯನ್ನೇ ನೋಡುತ್ತ ನಿಂತ ಆ ಗುಂಪಿನಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ. ಕೆಲವರದು ಬೆಂಗಳೂರಿನ ಕನ್ನಡ, ಕೆಲವರದು ದಾವಣಗೆರೆಯದು, ಹಲವರದು ಕಲಬುರಗಿ ರಾಯಚೂರಿನದು. ಗಚ್ಚಿಬೌಲಿ, ನಾನಕ್‌ರಾಮಗುಡದ ಕಚೇರಿಗಳಲ್ಲಿ ವಾರವಿಡೀ ದುಡಿದು ಊರಿಗೆ ಹೊರಟವರು ಇವರು. ಇವರ ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ಗುಂಪೂ ಇದೆ. ಸುತ್ತಮುತ್ತ ಮೇಲೇಳುತ್ತಿರುವ ಗಗನಚುಂಬಿಗಳಲ್ಲಿ ಗಾರೆ, ಕಬ್ಬಿಣ, ಸೆಂಟ್ರಿಂಗ್ ಕೆಲಸ ಮಾಡುವ ಯಾದಗಿರಿ, ರಾಯಚೂರು ಸೀಮೆಯ ಜನ. ಅವರು ಆ್ಯಪು ನೋಡುತ್ತ ನಿಲ್ಲುವುದಿಲ್ಲ. ಸಿಕ್ಕ ಗಾಡಿ ಹತ್ತುತ್ತಾರೆ.

ಆ ಸಂಜೆಯ ಫೋನು ಮಾತುಗಳಲ್ಲಿ ಒಂದು ಮಾತ್ರ ಬದಲಾಗದೆ ಕೇಳಿಸುತ್ತದೆ. "ರಿಸರ್ವೇಶನ್ ಸಿಗಲಿಲ್ಲವ್ವ, ವೇಟಿಂಗ್ ಅದ. ಬಸ್ಸಿಗೇ ಬರ್ತೀನಿ." ಆ ಕಡೆಯಿಂದ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. "ರಾತ್ರಿ ಬಸ್ಸು ಬ್ಯಾಡಪ್ಪ."

ಈ ತಾಯಿಯ ಅಂಜಿಕೆಗೆ ಕಾರಣವಿದೆ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಬರುತ್ತಿದ್ದ ಖಾಸಗಿ ಬಸ್ಸೊಂದು ಮಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸತ್ತರು. ಹನ್ನೆರಡು ವರ್ಷ ಕಳೆದು, 2025ರ ಅಕ್ಟೋಬರ್ 24ರ ನಸುಕಿನಲ್ಲಿ, ಅದೇ ಹೆದ್ದಾರಿಯಲ್ಲಿ, ಕರ್ನೂಲಿನ ಹತ್ತಿರ, ಈ ಸಲ ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಸ್ಲೀಪರ್ ಬಸ್ಸು ಬೆಂಕಿಗೆ ಸಿಕ್ಕಿತು. ಸುಮಾರು ಇಪ್ಪತ್ತು ಜನ ಹೋದರು. ಎರಡೂ ಸಲ ಪರಿಹಾರ ಘೋಷಣೆಯಾಯಿತು, ತಪಾಸಣೆಯ ಅಬ್ಬರವಾಯಿತು, ಬಸ್ಸುಗಳ ತುರ್ತು ಬಾಗಿಲು, ಪರ್ಮಿಟ್ಟುಗಳ ಬಗ್ಗೆ ವಾರಗಟ್ಟಲೆ ಚರ್ಚೆಯಾಯಿತು. ಎರಡು ಮಹಾನಗರಗಳ ನಡುವಿನ ಆರುನೂರು ಕಿಲೋಮೀಟರಿಗೆ ಇಷ್ಟೊಂದು ಜನ ರಾತ್ರಿಯ ರಸ್ತೆಯನ್ನೇ ಯಾಕೆ ನೆಚ್ಚಿಕೊಂಡಿದ್ದಾರೆ ಎಂಬ ಪ್ರಶ್ನೆಯನ್ನು ಮಾತ್ರ ರೈಲು ಸಚಿವಾಲಯದ ಬಾಗಿಲಿಗೆ ಯಾರೂ ಒಯ್ಯಲಿಲ್ಲ.

ಒಯ್ಯಬೇಕಿತ್ತು. ಈ ದಾರಿಯಲ್ಲಿ ಸ್ಪರ್ಧೆ ಈಗಾಗಲೇ ಇದೆ. ಆದರೆ ಅದು ಎರಡು ರೈಲುಗಳ ನಡುವಿನದಲ್ಲ. ಒಂದು ಕಡೆ ದರ ನಿಗದಿಯಾಗಿದ್ದು ಸೀಟೇ ಸಿಗದ ರೈಲು. ಇನ್ನೊಂದು ಕಡೆ ಸೀಟು ಯಾವಾಗಲೂ ಸಿಗುವ, ದರಕ್ಕೆ ಮಾತ್ರ ಲಂಗುಲಗಾಮಿಲ್ಲದ ಬಸ್ಸು. ಗಣೇಶ ಚೌತಿ, ದಸರಾ, ದೀಪಾವಳಿ ಬಂದರೆ ಬಸ್ಸಿನ ದರ ಎರಡು ಪಟ್ಟು, ಮೂರು ಪಟ್ಟು ಏರುತ್ತದೆ. ರೈಲಿನ ದರ ಏರುವುದಿಲ್ಲ, ಬುಕಿಂಗ್ ತೆರೆದ ಕೆಲವೇ ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಪ್ರಯಾಣಿಕನಿಗೆ ಅತ್ತ ದರಿ, ಇತ್ತ ಪುಲಿ.

ಬಾಗಿಲಿಗೆ ಬರುವ ಬಸ್ಸು, ಊರಾಚೆ ನಿಲ್ಲುವ ರೈಲು

ಹೈದರಾಬಾದ್–ಬೆಂಗಳೂರು ನಡುವೆ ರೈಲೇ ಇಲ್ಲ ಎಂದಲ್ಲ. ಕಾಚಿಗುಡದಿಂದ ಹೊರಡುವ ರಾತ್ರಿ ರೈಲು ಎಷ್ಟೋ ತಲೆಮಾರಿನ ಕನ್ನಡಿಗರನ್ನು ಹೊತ್ತಿದೆ. ವಿಕಾರಾಬಾದ್, ರಾಯಚೂರು ಸುತ್ತಿಕೊಂಡು ಯಶವಂತಪುರ ಸೇರುವ ಗರೀಬ್ ರಥ ಇದೆ. 2023ರ ಸೆಪ್ಟೆಂಬರ್ 24ರಿಂದ ಕಾಚಿಗುಡ–ಯಶವಂತಪುರ ವಂದೇ ಭಾರತ್ ಓಡುತ್ತಿದೆ. ಬೆಳಗಿನ ಜಾವ ಹೊರಟು ಸುಮಾರು ಎಂಟೂವರೆ ಗಂಟೆಯಲ್ಲಿ ಮುಟ್ಟಿಸುವ ಒಳ್ಳೆಯ ರೈಲು ಅದು. ಆದರೆ ಹಗಲಿನ ರೈಲು. ಶುಕ್ರವಾರ ಸಂಜೆ ಕೆಲಸ ಮುಗಿಸಿ, ಶನಿವಾರ ಬೆಳಿಗ್ಗೆ ಮನೆಯಲ್ಲಿರಬೇಕು ಎನ್ನುವವನಿಗೆ ಅದರಿಂದ ಉಪಯೋಗ ಕಡಿಮೆ.

ಇನ್ನು ಕಾಚಿಗುಡ ಇರುವುದು ಹಳೇ ಹೈದರಾಬಾದಿನ ಮಗ್ಗುಲಿನಲ್ಲಿ. ನಿಜಾಮನ ಕಾಲದಲ್ಲಿ, 1916ರಲ್ಲಿ, ಆ ನಿಲ್ದಾಣ ಕಟ್ಟಿದಾಗ ಊರಿನ ನಡು ಅದಕ್ಕೆ ಹತ್ತಿರವಿತ್ತು. ಕನ್ನಡಿಗರು ನೆಲೆ ನಿಂತದ್ದೂ ಅದರ ಸುತ್ತಲೇ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎಲ್ಲ ಕಾಚಿಗುಡದವೇ. ಆದರೆ ಇವತ್ತಿನ ಊರು ಪಶ್ಚಿಮಕ್ಕೆ ಜರುಗಿದೆ, ಹೊಸ ಕನ್ನಡಿಗನೂ ಜರುಗಿದ್ದಾನೆ. ಮಣಿಕೊಂಡದಿಂದ ಕಾಚಿಗುಡಕ್ಕೆ ಸಂಜೆಯ ದಟ್ಟಣೆಯಲ್ಲಿ ಹೋಗುವವನು ರೈಲು ಹತ್ತುವ ಮೊದಲೇ ಅರ್ಧ ಪ್ರಯಾಣ ಮುಗಿಸಿದಷ್ಟು ದಣಿದಿರುತ್ತಾನೆ. ಬಸ್ಸಿನವರು ಇದನ್ನು ಬೇಗ ಅರ್ಥ ಮಾಡಿಕೊಂಡರು. ಗಿರಾಕಿ ಇದ್ದಲ್ಲಿಗೆ ಬಂದರು. ರೈಲ್ವೆ ಬರಲಿಲ್ಲ. ಬರಲೇಬೇಕಾದ ಒತ್ತಡ ಅದಕ್ಕೆ ಯಾವತ್ತೂ ಇರಲಿಲ್ಲ. ಖಾಲಿ ಓಡಿದ ಬಸ್ಸಿನ ಮಾಲೀಕ ಮರುದಿನವೇ ನಷ್ಟ ಕಾಣುತ್ತಾನೆ. ವೇಟಿಂಗ್ ಲಿಸ್ಟಿನಲ್ಲಿ ಉಳಿದುಹೋದ ಸಾವಿರ ಜನರಿಂದ ರೈಲ್ವೆ ಮಂಡಳಿಗೆ ಆಗುವ ನಷ್ಟ ಯಾವ ಖಾತೆಯಲ್ಲೂ ಬರೆಯಲ್ಪಡುವುದಿಲ್ಲ.

ಏಕಸ್ವಾಮ್ಯದ ಗುಣವೇ ಇದು. ಅದು ಕೆಟ್ಟದ್ದೇ ಆಗಿರಬೇಕೆಂದಿಲ್ಲ, ಕೇಳಿಸಿಕೊಳ್ಳಬೇಕಾದ ಅಗತ್ಯ ಇಲ್ಲದಿರುವುದೇ ಅದರ ರೋಗ. ಮುಂಗಡ ಬುಕಿಂಗ್ ಅವಧಿಯನ್ನು 2024ರ ನವೆಂಬರಿನಿಂದ 120 ದಿನದಿಂದ 60 ದಿನಕ್ಕೆ ಇಳಿಸಲಾಯಿತು. 2025ರಲ್ಲಿ ತತ್ಕಾಲ್ ಟಿಕೆಟಿಗೆ ಆಧಾರ್ ಕಡ್ಡಾಯವಾಯಿತು. ದಲ್ಲಾಳಿಗಳನ್ನು ತಡೆಯಲು ಇವೆಲ್ಲ ಬೇಕು ಎನ್ನೋಣ. ಆದರೆ ಇವು ಸಾಲನ್ನು ಓರಣವಾಗಿ ನಿಲ್ಲಿಸುವ ಉಪಾಯಗಳು. ಸಾಲಿನ ಮುಂದೆ ಇರುವ ಅನ್ನದ ಪಾತ್ರೆ ಅಷ್ಟೇ ಇದೆ.

2020ರ ನಾಟಕ

ಹಾಗಾದರೆ ಖಾಸಗಿಯವರನ್ನು ಬಿಡಿ, ಎಲ್ಲ ಸರಿಹೋಗುತ್ತದೆ ಎನ್ನುವವರು ಇದ್ದಾರೆ. ಅವರು 2020ರಲ್ಲಿ ಏನಾಯಿತು ಎಂಬುದನ್ನು ನೆನಪಿಸಿಕೊಳ್ಳಬೇಕು.

ಆ ವರ್ಷದ ಜುಲೈಯಲ್ಲಿ, ಕೋವಿಡ್ಡಿನ ನಡುವೆ, ರೈಲು ಸಚಿವಾಲಯ 109 ಜೋಡಿ ಮಾರ್ಗಗಳಲ್ಲಿ 151 ಖಾಸಗಿ ರೈಲು ಓಡಿಸಲು ಅರ್ಜಿ ಕರೆಯಿತು. 30,000 ಕೋಟಿ ರೂಪಾಯಿ ಖಾಸಗಿ ಹೂಡಿಕೆ ಬರುತ್ತದೆ ಎಂದಿತು. ಮಾರ್ಗಗಳನ್ನು 12 ಗುಚ್ಛಗಳಾಗಿ ವಿಂಗಡಿಸಲಾಗಿತ್ತು. ಸಿಕಂದರಾಬಾದಿನದು ಒಂದು, ಬೆಂಗಳೂರಿನದು ಇನ್ನೊಂದು. ಗುತ್ತಿಗೆಯ ಅವಧಿ 35 ವರ್ಷ. ದರ ಎಷ್ಟಿಡಬೇಕು ಎಂಬುದು ಓಡಿಸುವವನ ಇಷ್ಟ. ಇಷ್ಟೇ ಆಗಿದ್ದರೆ ಸ್ಪರ್ಧೆ ಎನ್ನಬಹುದಿತ್ತೇನೋ. ಆದರೆ ಒಳಗೆ ಒಂದು ಷರತ್ತಿತ್ತು. ಖಾಸಗಿ ರೈಲು ಹೊರಡುವ ಹೊತ್ತಿನ 60 ನಿಮಿಷದೊಳಗೆ ಅದೇ ಎರಡು ಊರುಗಳ ನಡುವೆ ರೈಲ್ವೆಯ ಅಂಥದೇ ರೈಲು ಹೊರಡುವಂತಿಲ್ಲ.

ಆ ಷರತ್ತನ್ನು ಇನ್ನೊಮ್ಮೆ ಓದಬೇಕು. ಜನ ಮುಗಿಬೀಳುವ ಆ ಒಂದು ಹೊತ್ತಿನಲ್ಲಿ ಒಬ್ಬನೇ ಅಂಗಡಿಯವನು, ಬೆಲೆ ಅವನದೇ, ಎದುರು ಅಂಗಡಿ ಬಾಗಿಲು ತೆರೆಯದಂತೆ ಸರ್ಕಾರದ ಅಪ್ಪಣೆ. ಇದಕ್ಕೆ ಸ್ಪರ್ಧೆ ಎಂಬ ಹೆಸರಿಟ್ಟರು. ಎಡದವರು ಇದನ್ನು ಖಾಸಗೀಕರಣ ಎಂದು ಬೈದರು, ಬಲದವರು ಮುಕ್ತ ಮಾರುಕಟ್ಟೆ ಎಂದು ಹೊಗಳಿದರು. ಇಬ್ಬರೂ ಷರತ್ತು ಓದಿರಲಿಲ್ಲ. ಅಲ್ಲಿ ಇದ್ದದ್ದು ಏಕಸ್ವಾಮ್ಯವನ್ನು ಹೋಳು ಮಾಡಿ ಗಂಟೆಯ ಲೆಕ್ಕದಲ್ಲಿ ಗುತ್ತಿಗೆಗೆ ಕೊಡುವ ಯೋಜನೆ.

ಅಷ್ಟು ಆಮಿಷ ಒಡ್ಡಿದರೂ ಏನಾಯಿತು? ಮೊದಲ ಹಂತದಲ್ಲಿ 15 ಸಂಸ್ಥೆಗಳಿಂದ 120 ಅರ್ಜಿ ಬಂದವು. ದೊಡ್ಡ ದೊಡ್ಡ ಹೆಸರುಗಳಿದ್ದವು. 2021ರ ಜುಲೈಯಲ್ಲಿ ಹಣದ ಬಿಡ್ ತೆರೆದಾಗ 12 ಗುಚ್ಛಗಳಲ್ಲಿ ಮೂರಕ್ಕೆ ಮಾತ್ರ ಬಿಡ್ ಬಂದಿತ್ತು, ಕೊಟ್ಟವರು ಇಬ್ಬರು. ಒಂದು, ರೈಲ್ವೆಯದೇ ಮಗುವಾದ ಐಆರ್‌ಸಿಟಿಸಿ. ಇನ್ನೊಂದು, ಹೈದರಾಬಾದಿನ ಮೇಘಾ ಇಂಜಿನಿಯರಿಂಗ್. ಆ ಮೇಘಾ ಕೂಡ ಬಿಡ್ ಹಾಕಿದ್ದು ಮುಂಬೈ, ದೆಹಲಿಯ ಗುಚ್ಛಗಳಿಗೆ. ಸಿಕಂದರಾಬಾದಿಗೂ ಬೆಂಗಳೂರಿಗೂ ಒಬ್ಬರೂ ಬರಲಿಲ್ಲ. ಯೋಜನೆ ಸದ್ದಿಲ್ಲದೆ ಸತ್ತಿತು. 2023ರ ಹೊತ್ತಿಗೆ ಓಡಬೇಕಿದ್ದ ಖಾಸಗಿ ರೈಲು ಯಾವ ಪ್ಲಾಟ್‌ಫಾರ್ಮಿಗೂ ಬರಲಿಲ್ಲ.

ಬಂಡವಾಳದವರು ಓಡಿಹೋದದ್ದು ದೇಶಪ್ರೇಮದಿಂದಲ್ಲ, ರೈಲ್ವೆಯ ಮೇಲಿನ ಕನಿಕರದಿಂದಲೂ ಅಲ್ಲ. ಹಳಿ ರೈಲ್ವೆಯದು, ಸಿಗ್ನಲ್ ರೈಲ್ವೆಯದು, ಹಳಿಯ ಬಾಡಿಗೆ ನಿಗದಿ ಮಾಡುವುದು ರೈಲ್ವೆ, ವೇಳಾಪಟ್ಟಿ ಬರೆಯುವುದು ರೈಲ್ವೆ, ಅದರ ಪಕ್ಕದಲ್ಲೇ ತನ್ನ ರೈಲು ಓಡಿಸುವುದೂ ರೈಲ್ವೆ. ನಾಳೆ ಜಗಳವಾದರೆ ಹೋಗಬೇಕಾದ ಕಟ್ಟೆ ಯಾವುದು? ಅಂಥ ಕಟ್ಟೆಯೇ ಇಲ್ಲ. ಅಂಪೈರೇ ಬ್ಯಾಟು ಹಿಡಿದು ನಿಂತ ಮೈದಾನಕ್ಕೆ ಎದುರು ತಂಡ ಯಾಕೆ ಬಂದೀತು?

ಹೆಸರಿನಲ್ಲೇ ಖಾತರಿ

ಹೈದರಾಬಾದಿನವರಿಗೆ ಇದು ಹೊಸ ಪಾಠವಾಗಬಾರದಿತ್ತು. ಕಂಪನಿಗಳ ಕಾಲದಲ್ಲಿ ಈ ಸೀಮೆಗೆ ರೈಲು ಬಂದ ಕಥೆಯನ್ನು ನೋಡಿದರೆ ಸಾಕು. 1871ರಲ್ಲಿ ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಯೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆ ಕಂಪನಿಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಕೂಡಿದವು ಅಷ್ಟೇ, ಸ್ಪರ್ಧಿಸಲಿಲ್ಲ. ಈ ಕಡೆ ಇವರ ರಾಜ್ಯ, ಆ ಕಡೆ ಅವರ ರಾಜ್ಯ. ದೇಶದ ತುಂಬ ಹತ್ತಾರು ಕಂಪನಿಗಳಿದ್ದವು, ಪ್ರಯಾಣಿಕನಿಗೆ ಆಯ್ಕೆ ಇರಲಿಲ್ಲ. ಕಂಪನಿಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಸ್ಪರ್ಧೆ ಬರುವುದಿಲ್ಲ ಎಂಬುದಕ್ಕೆ ರಾಯಚೂರು ಜಂಕ್ಷನ್ನೇ ಸಾಕ್ಷಿ.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ದುಡ್ಡಿನಲ್ಲಿ ಹಳಿ ಬಂತು. ಮುಂದಿನ ದಶಕದಲ್ಲಿ ಅದನ್ನು ವಿಸ್ತರಿಸುವ ಕೆಲಸ ಲಂಡನ್ನಿನಲ್ಲಿ ಬಂಡವಾಳ ಎತ್ತಿದ ಕಂಪನಿಯ ಕೈಗೆ ಹೋಯಿತು. ಅದರ ಹೆಸರೇ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. ಖಾತರಿ ಯಾರಿಗೆ? ಷೇರುದಾರನಿಗೆ. ಲಾಭ ಬರದಿದ್ದರೂ ಬಡ್ಡಿ ತಪ್ಪದೆ ಸಂದಾಯವಾಗುವ ಖಾತರಿ. ಕಟ್ಟುವವರು ಹೈದರಾಬಾದ್ ಸಂಸ್ಥಾನದ ಪ್ರಜೆಗಳು. ಅವರಲ್ಲಿ ಇವತ್ತಿನ ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ, ಕೊಪ್ಪಳದ ರೈತರೂ ಸೇರಿದ್ದರು.

ಆಗ ಒಬ್ಬರು ಬಾಯಿ ಬಿಟ್ಟರು. ಚಾಂದಾ ರೈಲ್ವೆ ಯೋಜನೆಯ ಒಪ್ಪಂದವನ್ನು ಜನರ ಮುಂದಿಡಿ, ಚರ್ಚೆಯಾಗಲಿ ಎಂದು 1883ರಲ್ಲಿ ಕೇಳಿದ ಅಘೋರನಾಥ ಚಟ್ಟೋಪಾಧ್ಯಾಯರನ್ನು ಹೈದರಾಬಾದಿನಿಂದ ಗಡೀಪಾರು ಮಾಡಲಾಯಿತು. ಸರೋಜಿನಿ ನಾಯ್ಡು ಅವರ ತಂದೆ ಇವರೇ. ಅವರು ಕೇಳಿದ್ದು ರೈಲು ಬೇಡ ಎಂದಲ್ಲ, ಷರತ್ತು ತೋರಿಸಿ ಎಂದು. ಕೊನೆಗೆ 1930ರಲ್ಲಿ ನಿಜಾಮನ ಸರ್ಕಾರವೇ ಆ ರೈಲ್ವೆಯನ್ನು ಕೊಂಡು ತನ್ನ ಕೈಗೆ ತೆಗೆದುಕೊಂಡಿತು.

ಇದನ್ನೆಲ್ಲ ಹಳೇ ಪುರಾಣ ಎನ್ನುವವರು ತಮ್ಮ ನೆತ್ತಿಯ ಮೇಲೆ ಓಡುವ ಮೆಟ್ರೋ ನೋಡಲಿ. ಹೈದರಾಬಾದ್ ಮೆಟ್ರೋ ಖಾಸಗಿ ಕಂಪನಿ ಕಟ್ಟಿ ನಡೆಸಿದ್ದು. 2017ರಲ್ಲಿ ಶುರುವಾಯಿತು, ಪಶ್ಚಿಮದಲ್ಲಿ ರಾಯದುರ್ಗದವರೆಗೆ ಬಂತು, ಮಣಿಕೊಂಡಕ್ಕೆ ಬರಲಿಲ್ಲ. ನಷ್ಟ ಬೆಳೆಯಿತು. 2025ರಲ್ಲಿ ತೆಲಂಗಾಣ ಸರ್ಕಾರ ಅದನ್ನು ಸಾಲದ ಸಮೇತ ವಹಿಸಿಕೊಳ್ಳಲು ಒಪ್ಪಿತು. ಎದುರಾಳಿಯೇ ಇಲ್ಲದ ಖಾಸಗಿ ಕಂಪನಿಗೂ ಎದುರಾಳಿಯೇ ಇಲ್ಲದ ಸರ್ಕಾರಿ ಇಲಾಖೆಗೂ ಪ್ರಯಾಣಿಕನ ಮಟ್ಟಿಗೆ ಇರುವ ಅಂತರ ಬೋರ್ಡಿನ ಬಣ್ಣದಷ್ಟೇ. ಗೆದ್ದರೆ ಅವರದು, ಸೋತರೆ ಬೊಕ್ಕಸದ್ದು.

ಸರಕು ಹೇಳಿದ ಪಾಠ, ಫೋನು ಹೇಳಿದ ಪಾಠ

ಭಾರತದ ಹಳಿಗಳ ಮೇಲೆ ಸ್ಪರ್ಧೆಯ ಪ್ರಯೋಗ ಒಮ್ಮೆ ನಡೆದಿದೆ. 2006ರಲ್ಲಿ ಕಂಟೇನರ್ ರೈಲುಗಳನ್ನು ಖಾಸಗಿಯವರಿಗೆ ತೆರೆಯಲಾಯಿತು. ಅಲ್ಲಿಯವರೆಗೆ ಅದು 1988ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಕಾನ್ಕಾರ್‌ನ ಕೋಟೆ. ಹಲವು ಕಂಪನಿಗಳು ಲೈಸೆನ್ಸ್ ಪಡೆದವು, ತಮ್ಮದೇ ಬೋಗಿ ಕೊಂಡವು. ಆದರೆ ಎಳೆಯುವ ಬಾಡಿಗೆ ನಿಗದಿ ಮಾಡುವುದು ರೈಲು ಸಚಿವಾಲಯ, ಕಾನ್ಕಾರ್‌ನ ದೊಡ್ಡ ಪಾಲುದಾರ ಸರ್ಕಾರ, ಒಳ್ಳೆಯ ಜಾಗದ ಟರ್ಮಿನಲ್ಲುಗಳು ಮೊದಲೇ ಕಾನ್ಕಾರ್ ಕೈಯಲ್ಲಿ. ಅಷ್ಟೊಂದು ಕಂಪನಿಗಳು ಒಳಗೆ ಬಂದ ಮೇಲೂ ಸಿಂಹಪಾಲು ಕಾನ್ಕಾರ್‌ನದೇ ಉಳಿಯಿತು. ಬಾಗಿಲು ತೆರೆದವನೇ ಕೀಲಿಕೈ ಜೇಬಿನಲ್ಲಿಟ್ಟುಕೊಂಡರೆ ಆಗುವುದು ಹೀಗೆಯೇ.

ಇದಕ್ಕೆ ವಿರುದ್ಧ ಉದಾಹರಣೆ ಪ್ರತಿಯೊಬ್ಬರ ಜೇಬಿನಲ್ಲಿದೆ. ದೂರವಾಣಿ ಇಲಾಖೆಯ ಕಾಲದಲ್ಲಿ ಫೋನಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಸಂಸದರ ಚೀಟಿ ಹಿಡಿದು ಓಡಾಡಿದವರು ಇನ್ನೂ ಇದ್ದಾರೆ. 1997ರಲ್ಲಿ ಟ್ರಾಯ್ ಎಂಬ ನಿಯಂತ್ರಣ ಪ್ರಾಧಿಕಾರ ಬಂತು. 2000ದಲ್ಲಿ ಫೋನು ನಡೆಸುವ ಕೆಲಸ ಇಲಾಖೆಯಿಂದ ಬೇರೆಯಾಗಿ ಬಿಎಸ್‌ಎನ್‌ಎಲ್ ಆಯಿತು. ಮೊದಲು ಅಂಪೈರ್, ಆಮೇಲೆ ಆಟಗಾರನನ್ನು ಅಂಪೈರಿನಿಂದ ಬಿಡಿಸುವುದು, ಜೊತೆಜೊತೆಗೆ ಸ್ಪರ್ಧೆ. ಆ ಕ್ಷೇತ್ರದಲ್ಲೂ ಹಗರಣಗಳಾದವು, ಬಿಎಸ್‌ಎನ್‌ಎಲ್ ಸೊರಗಿತು, ಕಂಪನಿಗಳು ಕಡಿಮೆಯಾದವು. ಅಷ್ಟಾದರೂ ಫೋನಿಗೆ ವೇಟಿಂಗ್ ಲಿಸ್ಟ್ ಎಂಬ ಮಾತು ಇವತ್ತಿನ ಮಕ್ಕಳಿಗೆ ಅರ್ಥವಾಗುವುದಿಲ್ಲ.

ರೈಲ್ವೆಯಲ್ಲಿ ಈ ದಾರಿ ಗೊತ್ತಿಲ್ಲದೆ ಇಲ್ಲ. 2015ರಲ್ಲಿ ಬಿಬೇಕ್ ದೇಬ್ರಾಯ್ ಸಮಿತಿ ಸ್ವತಂತ್ರ ನಿಯಂತ್ರಕ ಬೇಕು ಎಂದಿತು. 2017ರ ಏಪ್ರಿಲಿನಲ್ಲಿ ಕೇಂದ್ರ ಸಂಪುಟ ರೈಲು ಅಭಿವೃದ್ಧಿ ಪ್ರಾಧಿಕಾರಕ್ಕೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಕಾಗದದಲ್ಲೇ ಉಳಿಯಿತು. 2020ರಲ್ಲಿ ಅಂಪೈರ್ ಇಲ್ಲದೆಯೇ ಪಂದ್ಯದ ಟಿಕೆಟ್ ಮಾರಲು ಹೊರಟರು.

ತಾನೇ ತನ್ನ ತಪ್ಪಿನ ನ್ಯಾಯಾಧೀಶನಾಗಬಾರದು ಎಂಬ ತತ್ವವನ್ನು ರೈಲ್ವೆ ಒಂದು ವಿಷಯದಲ್ಲಿ ಬಹಳ ಹಿಂದೆಯೇ ಒಪ್ಪಿದೆ. ಅಪಘಾತದ ತನಿಖೆ ಮಾಡುವ, ಹೊಸ ಹಳಿಗೆ ಒಪ್ಪಿಗೆ ಕೊಡುವ ರೈಲ್ವೆ ಸುರಕ್ಷತಾ ಆಯೋಗ ಇರುವುದು ರೈಲು ಸಚಿವಾಲಯದ ಅಡಿಯಲ್ಲಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿ. ಜೀವದ ವಿಷಯದಲ್ಲಿ ಒಪ್ಪಿದ ತತ್ವ ದರ, ಸಮಯ, ಸೀಟಿನ ವಿಷಯದಲ್ಲಿ ಯಾಕೆ ಬೇಡ?

ಒಂದೇ ಹಳಿ, ಎರಡು ರೈಲು

ಒಂದೇ ಹಳಿಯ ಮೇಲೆ ಎರಡು ಸಂಸ್ಥೆಗಳು ಪೈಪೋಟಿ ನಡೆಸುವುದು ಆಗುಹೋಗದ ಮಾತು ಎನ್ನುವವರಿಗೆ ಇಟಲಿ ಉತ್ತರ. 2012ರ ಏಪ್ರಿಲಿನಲ್ಲಿ ಇಟಾಲೊ ಎಂಬ ಖಾಸಗಿ ರೈಲು ಸರ್ಕಾರಿ ತ್ರೆನಿತಾಲಿಯಾದ ಎದುರು ಮಿಲಾನ್–ರೋಮ್ ನಡುವೆ ಓಡತೊಡಗಿತು. ಶುರುವಿನಲ್ಲೇ ರೋಮಿನ ಒಸ್ತಿಯೆನ್ಸೆ ನಿಲ್ದಾಣದಲ್ಲಿ ಇಟಾಲೊದ ಪ್ರಯಾಣಿಕರಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಹಳಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬೇಲಿ ಎದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಗೆ ಇದಕ್ಕಿಂತ ನೇರ ಉದಾಹರಣೆ ಸಿಗದು. ಇಟಾಲೊ ಮುಳುಗುವ ಹಂತಕ್ಕೂ ಹೋಯಿತು. ಅದನ್ನು ಎತ್ತಿ ನಿಲ್ಲಿಸಿದ್ದರಲ್ಲಿ ಆಮೇಲೆ ಬಂದ ಸಾರಿಗೆ ನಿಯಂತ್ರಕ ಹಳಿಯ ಬಾಡಿಗೆ ಇಳಿಸಿದ್ದು ಮುಖ್ಯ. ಇವತ್ತು ಎರಡೂ ಓಡುತ್ತಿವೆ, ಪ್ರಯಾಣಿಕರು ಹೆಚ್ಚಿದ್ದಾರೆ, ದರ ತಗ್ಗಿದೆ, ವಿಮಾನ ಬಿಟ್ಟು ರೈಲು ಹಿಡಿದವರು ಬಹಳ.

ಸ್ಪೇನಿನಲ್ಲಿ 2021ರ ಮೇಯಲ್ಲಿ ಮ್ಯಾಡ್ರಿಡ್–ಬಾರ್ಸಿಲೋನ ನಡುವೆ ಊಯಿಗೊ ಬಂತು, 2022ರ ನವೆಂಬರಿನಲ್ಲಿ ಇರಿಯೊ ಬಂತು. ಸರ್ಕಾರಿ ರೆನ್ಫೆ ಕೂಡ ಅಗ್ಗದ ರೈಲು ಶುರು ಮಾಡಬೇಕಾಯಿತು. ಇದರಲ್ಲಿ ಒಂದು ತಮಾಷೆಯಿದೆ. ಊಯಿಗೊ ಫ್ರಾನ್ಸಿನ ಸರ್ಕಾರಿ ರೈಲ್ವೆಯ ಕೂಸು. ಇರಿಯೊದಲ್ಲಿ ಇಟಲಿಯ ಸರ್ಕಾರಿ ರೈಲ್ವೆಗೆ ದೊಡ್ಡ ಪಾಲು. ಎದುರಾಳಿ ಖಾಸಗಿಯೇ ಆಗಿರಬೇಕು ಎಂಬ ನಿಯಮವಿಲ್ಲ, ಎದುರಾಳಿ ಇರಬೇಕು ಅಷ್ಟೇ. ಅಲ್ಲೂ ಎಲ್ಲ ಸುಸೂತ್ರವಲ್ಲ. ಕಂಪನಿಗಳು ನಷ್ಟ ತಿಂದಿವೆ, ಅಸಲಿಗಿಂತ ಕಡಿಮೆಗೆ ಮಾರುತ್ತಿದ್ದಾರೆ ಎಂದು ಸ್ಪೇನಿನ ಸಚಿವರೇ ಕೂಗೆಬ್ಬಿಸಿದ್ದಾರೆ. ಆ ಜಗಳ ಪ್ರಯಾಣಿಕನಿಗೆ ಕೇಳಿಸುವ ಹಾಗೆ ನಡೆಯುತ್ತಿದೆ ಎಂಬುದೇ ದೊಡ್ಡದು.

ಬ್ರಿಟನ್ ಎಚ್ಚರಿಕೆಯ ಗಂಟೆ. 1990ರ ದಶಕದಲ್ಲಿ ಅಲ್ಲಿ ಹಳಿಯನ್ನೇ ಖಾಸಗಿಗೆ ಕೊಟ್ಟರು. 2000ದ ಹ್ಯಾಟ್‌ಫೀಲ್ಡ್ ಅಪಘಾತ ಬಿರುಕುಬಿಟ್ಟ ಹಳಿಯಿಂದಾದದ್ದು. ಹಳಿಯ ಕಂಪನಿ ರೈಲ್‌ಟ್ರ್ಯಾಕ್ ಮರುವರ್ಷ ದಿವಾಳಿಯೆದ್ದಿತು. ಹಳಿ ಸಾರ್ವಜನಿಕ ಸ್ವತ್ತಾಗಿಯೇ ಇರಬೇಕು. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ. ರಸ್ತೆ ಸರ್ಕಾರದ್ದು, ಅದರ ಮೇಲೆ ನೂರು ಬಸ್ಸು ಓಡುತ್ತವೆ. ಅದೇ ಮಾತು.

ಎದುರು ಮಾತುಗಳು

ಇದಕ್ಕೆ ಮೂರು ಗಟ್ಟಿ ಆಕ್ಷೇಪಗಳಿವೆ. ಮೂರಕ್ಕೂ ಮರ್ಯಾದೆ ಸಲ್ಲಬೇಕು.

ಮೊದಲನೆಯದು, ಹಳಿಯೇ ಇಲ್ಲ, ಯಾರು ಓಡಿಸಿದರೇನು? ಇದು ನಿಜ. ಕಾಚಿಗುಡ–ಬೆಂಗಳೂರು ದಾರಿಯಲ್ಲಿ ಮಹಬೂಬನಗರದಿಂದ ಧೋನ್‌ವರೆಗಿನ ಜೋಡಿ ಹಳಿ ಕೆಲಸಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದೇ 2023ರ ಆಗಸ್ಟಿನಲ್ಲಿ. ಒಂಟಿ ಹಳಿಯಲ್ಲಿ ಒಂದು ರೈಲು ಬರುವವರೆಗೆ ಇನ್ನೊಂದು ಕಾಯಬೇಕು. ಅಲ್ಲಿ ಹತ್ತು ಕಂಪನಿಗಳನ್ನು ಬಿಟ್ಟರೂ ಹನ್ನೊಂದನೆಯ ರೈಲು ಹುಟ್ಟದು. ಆದರೆ ಇದು ಸ್ಪರ್ಧೆಯ ವಿರುದ್ಧದ ವಾದವಲ್ಲ, ಹಳಿಯ ಪರವಾದ ವಾದ. ಹಳಿಯ ಸಂಸ್ಥೆ ಬೇರೆಯಾಗಿ, ಅದರ ಆದಾಯ ಎಷ್ಟು ರೈಲು ಓಡಿದವು ಎಂಬುದರ ಮೇಲೆ ನಿಂತರೆ ಎರಡನೇ ಹಳಿ ಹಾಕುವ ಆತುರ ಅದಕ್ಕೂ ಬರುತ್ತದೆ. ಈಗ ಹಳಿಯ ಕೊರತೆ ಯಾರ ಆದಾಯವನ್ನೂ ಕಚ್ಚುವುದಿಲ್ಲ. ವೇಟಿಂಗ್ ಲಿಸ್ಟಿನವನ ನಿದ್ದೆ ಮಾತ್ರ ಕೆಡುತ್ತದೆ. ಹೈದರಾಬಾದ್–ಬೆಂಗಳೂರು ಅತಿವೇಗದ ರೈಲಿನ ಮಾತೂ ಕೇಳಿಬರುತ್ತಿದೆ. ಅದು ಬರುವಷ್ಟರಲ್ಲಿ ಈ ಹಳಿಗಳ ಮೇಲೆ ಎಷ್ಟು ಸಾವಿರ ರಾತ್ರಿಗಳು ಕಳೆಯಬೇಕೋ.

ಎರಡನೆಯದು, ಬಡವನ ಗತಿ ಏನು? ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ 57ರಷ್ಟನ್ನು ಮಾತ್ರ ವಸೂಲು ಮಾಡುತ್ತೇವೆ ಎಂದು ರೈಲ್ವೆ ಟಿಕೆಟಿನ ಮೇಲೇ ಅಚ್ಚು ಹಾಕಿದೆ. ಉಳಿದದ್ದನ್ನು ಕಲ್ಲಿದ್ದಲು, ಸಿಮೆಂಟು, ಅದಿರಿನ ಬಾಡಿಗೆ ತುಂಬುತ್ತದೆ. ಎಸಿ ಬೋಗಿಯ ಕೆನೆಯನ್ನು ಕಂಪನಿಗಳು ತೆಗೆದುಕೊಂಡು ಜನರಲ್ ಬೋಗಿಯ ನೀರುಮಜ್ಜಿಗೆಯನ್ನು ರೈಲ್ವೆಗೆ ಬಿಟ್ಟರೆ ಏನಾಗುತ್ತದೆ? ಈ ಭಯ ಸರಿಯಾದದ್ದು. 2020ರ ಯೋಜನೆ ಮಾಡಹೊರಟಿದ್ದೂ ಅದನ್ನೇ. ಅದಕ್ಕೆ ದಾರಿ ಇದೆ. ಯಾರೇ ಓಡಿಸಲಿ, ಪ್ರತಿ ರೈಲಿನಲ್ಲೂ ಇಷ್ಟು ಸ್ಲೀಪರ್, ಇಷ್ಟು ಜನರಲ್ ಬೋಗಿ ಇರಲೇಬೇಕು, ಅವುಗಳ ದರ ನಿಯಂತ್ರಕನದು ಎಂಬ ಕಟ್ಟುಪಾಡು ಹಾಕಬಹುದು. ರಿಯಾಯಿತಿಯ ನಷ್ಟವನ್ನು ಸರ್ಕಾರ ಬಜೆಟ್ಟಿನಲ್ಲಿ ಬಹಿರಂಗವಾಗಿ ಕೊಡಬಹುದು. ಬಡವನ ಹೆಸರು ಹೇಳಿ ಏಕಸ್ವಾಮ್ಯ ಕಾಯುವವರು ಒಮ್ಮೆ ಜನರಲ್ ಬೋಗಿಯ ಬಾಗಿಲಲ್ಲಿ ನೇತಾಡುವ ಯಾದಗಿರಿಯ ಗಾರೆ ಕೆಲಸದವನನ್ನು ಕೇಳಲಿ. ಅವನಿಗೆ ರಿಯಾಯಿತಿ ಸಿಕ್ಕಿದೆ, ಕೂರಲು ಜಾಗ ಸಿಕ್ಕಿಲ್ಲ.

ಮೂರನೆಯದು, ಇದೆಲ್ಲ ಕೊನೆಗೆ ನಾಲ್ಕು ದೊಡ್ಡ ಮನೆಗಳ ಜೇಬಿಗೆ ಹೋಗುತ್ತದೆ. ಹೋಗಬಹುದು. ವಿಮಾನ ನಿಲ್ದಾಣ, ಬಂದರು ನೋಡಿದವರಿಗೆ ಈ ಅನುಮಾನ ಸಹಜ. ಆದ್ದರಿಂದಲೇ 35 ವರ್ಷದ ಗುತ್ತಿಗೆ, ಇಡೀ ಗುಚ್ಛದ ಹರಾಜು ಬೇಡ. ಸಮಯದ ಒಂದೊಂದು ಜಾಗಕ್ಕೆ ಐದಾರು ವರ್ಷದ ಹರಾಜು ಸಾಕು. ಒಂದು ಮಾರ್ಗದಲ್ಲಿ ಒಬ್ಬನಿಗೆ ಇಷ್ಟಕ್ಕಿಂತ ಹೆಚ್ಚು ಜಾಗ ಇಲ್ಲ ಎಂಬ ಮಿತಿ ಬೇಕು. ಹರಾಜಿಗೆ ಬರುವವರೆಲ್ಲ ಕೋಟ್ಯಧೀಶರೇ ಆಗಬೇಕಿಲ್ಲ. ಜರ್ಮನಿಯಲ್ಲಿ 1996ರಿಂದ ಪ್ರಾದೇಶಿಕ ರೈಲುಗಳನ್ನು ಗೊತ್ತುಮಾಡುವುದು ರಾಜ್ಯಗಳೇ. ಟೆಂಡರ್ ಕರೆಯುತ್ತವೆ, ಯಾರು ಚೆನ್ನಾಗಿ ಓಡಿಸುತ್ತಾರೋ ಅವರಿಗೆ ಕೊಡುತ್ತವೆ.

ಕರ್ನಾಟಕ ಕೇಳಬೇಕಾದದ್ದು

ಇಲ್ಲಿ ಕರ್ನಾಟಕಕ್ಕೆ ಒಂದು ಮಾತಿದೆ. ರಾಜ್ಯ ಸರ್ಕಾರ ಹಲವು ಮಾರ್ಗಗಳಿಗೆ ಭೂಮಿ ಕೊಟ್ಟು ಅರ್ಧ ಖರ್ಚನ್ನೂ ಹೊತ್ತಿದೆ. ಹಳಿ ಹಾಕಿದ ಮೇಲೆ ಅದರ ಮೇಲೆ ಯಾವ ರೈಲು, ಎಷ್ಟು ಹೊತ್ತಿಗೆ ಎಂಬುದರಲ್ಲಿ ರಾಜ್ಯದ ಮಾತು ನಡೆಯುವುದಿಲ್ಲ. ಮನವಿ ಕೊಡಬಹುದು, ಅಷ್ಟೇ. ಕಲಬುರಗಿ ಇರುವುದು ಸೋಲಾಪುರ ವಿಭಾಗದಲ್ಲಿ, ಬೀದರ್ ಸಿಕಂದರಾಬಾದ್ ವಿಭಾಗದಲ್ಲಿ. ಕಲಬುರಗಿಗೇ ವಿಭಾಗ ಕೊಡುತ್ತೇವೆ ಎಂದು 2014ರಲ್ಲಿ, ಮಲ್ಲಿಕಾರ್ಜುನ ಖರ್ಗೆ ರೈಲು ಸಚಿವರಾಗಿದ್ದಾಗ, ಘೋಷಣೆಯಾಯಿತು. ಘೋಷಣೆಯ ನಂತರ ಎಷ್ಟೋ ರೈಲುಗಳು ಬಂದುಹೋದವು, ವಿಭಾಗ ಬರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ.

ಕಲ್ಯಾಣ ಕರ್ನಾಟಕದ ಸಾರಿಗೆ ನಿಗಮಕ್ಕೆ ಬಸ್ಸು ಓಡಿಸಿದ ಅನುಭವವಿದೆ, ಕಲಬುರಗಿಯಲ್ಲೇ ಅದರ ಕೇಂದ್ರ ಕಚೇರಿ ಇದೆ. ಲಿಂಗಂಪಲ್ಲಿ, ವಿಕಾರಾಬಾದ್, ತಾಂಡೂರು, ವಾಡಿ ಮಾರ್ಗವಾಗಿ ಶುಕ್ರವಾರ ರಾತ್ರಿ ಕಲಬುರಗಿಗೆ ಹೋಗಿ ಸೋಮವಾರ ಬೆಳಿಗ್ಗೆ ಕಚೇರಿ ಹೊತ್ತಿಗೆ ವಾಪಸು ಬರುವ ರೈಲೊಂದನ್ನು ಆ ನಿಗಮ ಗುತ್ತಿಗೆ ಹಿಡಿದು ಓಡಿಸಿದರೆ ಯಾವ ಆಕಾಶ ಕಳಚಿ ಬೀಳುತ್ತದೆ? ಮಣಿಕೊಂಡದವನಿಗೆ ಕಾಚಿಗುಡಕ್ಕಿಂತ ಲಿಂಗಂಪಲ್ಲಿ ಹತ್ತಿರ. 2022ರಲ್ಲಿ ಭಾರತ್ ಗೌರವ್ ಯೋಜನೆಯಡಿ ಕರ್ನಾಟಕದ ಮುಜರಾಯಿ ಇಲಾಖೆ ಬೆಂಗಳೂರಿನಿಂದ ಕಾಶಿಗೆ ಯಾತ್ರಾ ರೈಲು ಹೊರಡಿಸಿತು. ಕಾಶಿಗೆ ಹೋಗುವವರಿಗೆ ರೈಲು ಗೊತ್ತುಮಾಡಬಲ್ಲ ರಾಜ್ಯ ಕಲಬುರಗಿಗೆ ಹೋಗುವವರಿಗೆ ಯಾಕೆ ಮಾಡಬಾರದು? ಉತ್ತರ ಸರಳ. ಪ್ರವಾಸದ ರೈಲಿಗೆ ಬಾಗಿಲಿದೆ, ದಿನನಿತ್ಯದ ರೈಲಿಗೆ ಗೋಡೆ.

ಆ ಗೋಡೆಯಲ್ಲಿ ಬಾಗಿಲು ಕೊರೆಯಲು ಬೇಕಾದದ್ದು ಪಟ್ಟಿ ಮಾಡುವಷ್ಟು ಉದ್ದವಿಲ್ಲ. ರೈಲು ಸಚಿವಾಲಯದಿಂದ ಹೊರಗೆ, ಸಂಸತ್ತಿನ ಕಾನೂನಿನಿಂದ ಹುಟ್ಟಿದ ನಿಯಂತ್ರಕ. ಹಳಿಯ ಬಾಡಿಗೆ ಎಷ್ಟು, ಯಾವ ಹೊತ್ತಿನ ಜಾಗ ಖಾಲಿ ಎಂಬುದರ ಬಹಿರಂಗ ಲೆಕ್ಕ. ಪ್ರತಿ ಮಾರ್ಗದಲ್ಲಿ ಪ್ರತಿ ತಿಂಗಳು ಎಷ್ಟು ಜನ ಟಿಕೆಟ್ ಕೇಳಿ ಸಿಗದೆ ವಾಪಸು ಹೋದರು ಎಂಬ ಅಂಕಿ, ರಾಜ್ಯಗಳಿಗೂ ಜನರಿಗೂ ಕಾಣುವಂತೆ. ತಡವಾದರೆ ಪರಿಹಾರ. 2019ರಲ್ಲಿ ಐಆರ್‌ಸಿಟಿಸಿಯ ಲಕ್ನೋ–ದೆಹಲಿ ತೇಜಸ್ ಶುರುವಾದಾಗ ಒಂದು ಗಂಟೆ ಮೀರಿದ ತಡಕ್ಕೆ 100 ರೂಪಾಯಿ, ಎರಡು ಗಂಟೆ ಮೀರಿದರೆ 250 ರೂಪಾಯಿ ಕೊಡುತ್ತೇವೆ ಎಂದರು. ತೇಜಸ್ಸಿನ ಪ್ರಯಾಣಿಕನ ಹೊತ್ತಿಗೆ ಬೆಲೆ ಇದ್ದರೆ ಸ್ಲೀಪರ್ ಬೋಗಿಯವನ ಹೊತ್ತು ಪುಕ್ಕಟೆಯೇ?

ಇವು ಬಂದ ಮೇಲೆ ರೈಲು ಓಡಿಸುವವನು ಸರ್ಕಾರದವನೋ, ಖಾಸಗಿಯವನೋ, ಕಲಬುರಗಿಯ ಸಾರಿಗೆ ನಿಗಮದವನೋ ಎಂಬುದು ಎರಡನೆಯ ಮಾತು. ಇವು ಬಾರದೆ ಯಾರೇ ಬಂದರೂ ಅದು 2020ರ ನಾಟಕದ ಎರಡನೇ ಅಂಕವೇ.

ಅಲ್ಲಿಯವರೆಗೆ ಮಣಿಕೊಂಡದಲ್ಲಿ ಶುಕ್ರವಾರದ ಸಂಜೆಗಳು ಹೀಗೆಯೇ ಇರುತ್ತವೆ. ಮೊಬೈಲಿನಲ್ಲಿ ಚುಕ್ಕೆ ಹತ್ತಿರ ಬರುತ್ತದೆ. ಬಸ್ಸಿನ ಹುಡುಗ ಇಳಿದು ಹೆಸರು ಕೂಗುತ್ತಾನೆ, ಸಾಮಾನು ಡಿಕ್ಕಿಗೆ ಹೋಗುತ್ತದೆ. ಒಳಗೆ ಮಲಗಿದವನು ಅವ್ವನಿಗೆ ಒಂದು ಮೆಸೇಜು ಹಾಕುತ್ತಾನೆ, ಬಸ್ಸು ಹತ್ತಿದೆ ಎಂದು. ಊರಲ್ಲಿ ಆ ತಾಯಿ ದೀಪ ಆರಿಸಿದರೂ ಬೆಳಗಿನವರೆಗೆ ನಿದ್ದೆ ಮಾಡುವುದಿಲ್ಲ.